ಮಳೆಯ ಳ ಬೇರೆ, ಬೆಳೆಯ ಳ ಬೇರೆ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಹೆದರಬೇಡಿ, ಇದು ಎಂ-3 ಅಲ್ಲ.

ಕೇಳು ಅನ್ನೋದರ ಭೂತಕಾಲ ಕೇಳಿದ. ಆಳು ಅನ್ನೋದಕ್ಕೆ ಆಳಿದ. ಹಾಗಾದರೆ ಏಳು ಅನ್ನೋದಕ್ಕೆ? ಏಳಿದ ಅಂತ ಯಾರೂ ಅನ್ನಲ್ಲ, ಎದ್ದ ಅಂತೀವಿ. ಬೀಳು ಇದ್ದದ್ದು ಬಿದ್ದ ಆಗುತ್ತೆ. ಅಳು ಇದ್ದದ್ದು ಅತ್ತ. ಹೊಲ ಉಳು ಅನ್ನೋದು ಉತ್ತ. ಎಲ್ಲದರ ಕೊನೆಯಲ್ಲೂ ಇರೋದು ಒಂದೇ ಳು. ಆದರೆ ಕೆಲವದರಲ್ಲಿ ಆ ಳ ಗಟ್ಟಿಯಾಗಿ ನಿಲ್ಲುತ್ತೆ, ಕೆಲವದರಲ್ಲಿ ಪೂರ್ತಿ ಮಾಯವಾಗಿ ದ್ದ ಅಥವಾ ತ್ತ ಬರುತ್ತೆ. ಒಂದೇ ಇನ್‌ಪುಟ್‌ಗೆ ಎರಡು ತರಹದ ಔಟ್‌ಪುಟ್ ಬಂದರೆ ನಮ್ಮ ಲ್ಯಾಬ್‌ನಲ್ಲಿ ಏನಂತೀವಿ? ಇನ್‌ಪುಟ್ ನಿಜವಾಗಲೂ ಒಂದೇನಾ ಅಂತ ಮೊದಲು ಚೆಕ್ ಮಾಡು ಅಂತೀವಿ.

ಇಲ್ಲೂ ಉತ್ತರ ಅದೇ. ಇನ್‌ಪುಟ್ ಒಂದೇ ಅಲ್ಲ. ಕೇಳು ಅನ್ನೋದರ ಳ ಬೇರೆ, ಏಳು ಅನ್ನೋದರ ಳ ಬೇರೆ. ಒಂದು ಕಾಲದಲ್ಲಿ ಕನ್ನಡದಲ್ಲಿ ಅವೆರಡಕ್ಕೂ ಬೇರೆ ಬೇರೆ ಉಚ್ಚಾರಣೆ, ಬೇರೆ ಬೇರೆ ಅಕ್ಷರ ಇದ್ದವು. ಆ ಕಳೆದುಹೋದ ಅಕ್ಷರ ಇದು: ೞ. ಇದರ ಜೊತೆಗೇ ಕಳೆದುಹೋದ ಇನ್ನೊಂದು ಅಕ್ಷರ ಇದೆ: ಱ. ಈ ಲೇಖನ ಇವೆರಡರ ಬಗ್ಗೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ವರ್ಣಮಾಲೆ ಅಂದರೆ ಗೋಡೆ ಮೇಲಿನ ಚಾರ್ಟ್, ಅದು ಯಾವತ್ತೂ ಹಾಗೇ ಇತ್ತು, ಹಾಗೇ ಇರುತ್ತೆ. ಆದರೆ ಆ ಚಾರ್ಟ್‌ಗೂ ವರ್ಷನ್‌ಗಳಿವೆ.

ಬಾಯಲ್ಲಿ ಹೇಗಿತ್ತು?

ಳ ಅನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಮೇಲಿನ ಅಂಗುಳನ್ನು ಮುಟ್ಟುತ್ತೆ. ೞ ಅನ್ನೋಕೆ ಅದೇ ತರಹ ಮಡಚಬೇಕು, ಆದರೆ ಮುಟ್ಟಬಾರದು. ಗಾಳಿ ಮಧ್ಯದಿಂದ ಸಲೀಸಾಗಿ ಹೋಗಬೇಕು. ಕೇಳೋಕೆ ಳ ಮತ್ತು ರ ಎರಡರ ನಡುವೆ ಎಲ್ಲೋ ಇದೆ ಅನ್ನಿಸುತ್ತೆ. ಅರ್ಥ ಆಗಲಿಲ್ಲ ಅಂದರೆ ಹಾಸ್ಟೆಲ್‌ನಲ್ಲಿ ತಮಿಳು ಅಥವಾ ಮಲಯಾಳಂ ಮಾತಾಡೋ ರೂಂಮೇಟ್ ಹತ್ತಿರ ಹೋಗಿ, ಅವರ ಭಾಷೆಯ ಹೆಸರನ್ನೋ ಕೋಳಿಕ್ಕೋಡ್ ಅನ್ನೋ ಊರಿನ ಹೆಸರನ್ನೋ ಹೇಳಿಸಿ. 'ತಮಿೞ್' ಅನ್ನೋದರ ಕೊನೆಯಲ್ಲಿ ಬರೋ ದನಿ ಇದೇ. ಆಲಪ್ಪುೞ ಅನ್ನೋ ಊರಿನ ಹೆಸರಲ್ಲಿರೋ 'ಪುೞ' ಅಂದರೆ ಮಲಯಾಳದಲ್ಲಿ ಹೊಳೆ. ನಮ್ಮ ಹೊಳೆನರಸೀಪುರದ ಹೊಳೆಗೆ ಅದು ನೆಂಟ.

ಈ ದನಿ ನಮ್ಮ ಭಾಷೆಯಲ್ಲೂ ಇತ್ತು. ಮಳೆ ಅನ್ನೋದು ಹಿಂದೆ ಮೞೆ. ಕೋಳಿ ಇದ್ದದ್ದು ಕೋೞಿ. ಬಾಳೆ ಇದ್ದದ್ದು ಬಾೞೆ. ಆದರೆ ಬೆಳೆ ಮೊದಲಿಂದಲೂ ಬೆಳೆ, ನಾಳೆ ಮೊದಲಿಂದಲೂ ನಾಳೆ. ಅಂದರೆ ಊರಲ್ಲಿ ದೊಡ್ಡವರು "ಮಳೆ ಬೆಳೆ ಹೇಗಿದೆ" ಅಂತ ಕೇಳ್ತಾರಲ್ಲ, ಆ ಎರಡು ಪದಗಳಲ್ಲಿರೋ ಎರಡು ಳ ಹುಟ್ಟಿನಿಂದ ಒಂದೇ ಅಲ್ಲ. ಇನ್ನೂ ತಮಾಷೆ ಅಂದರೆ ಹಳಗನ್ನಡ ಅನ್ನೋ ಪದ. ಅದರ ಹಳೇ ರೂಪ ಪೞಗನ್ನಡ. ಹಳಗನ್ನಡದ ಹೆಸರಲ್ಲೇ ಹಳಗನ್ನಡದ ಅಕ್ಷರ ಕೂತಿತ್ತು, ನಾವು ಹೊಸದನ್ನು ಹಾಕಿಬಿಟ್ಟಿದ್ದೀವಿ.

ಒಂದು ಅಕ್ಷರ ಹೆಚ್ಚು ಇದ್ದರೆ ಏನು ಲಾಭ? ಬಾಳ್ ಅಂದರೆ ಕತ್ತಿ. ಬಾೞ್ ಅಂದರೆ ಬದುಕು. ಆಳ್ ಅಂದರೆ ಆಳುವುದು, ಆೞ್ ಅಂದರೆ ಮುಳುಗುವುದು; 'ಆಳವಾದ ಬಾವಿ' ಅನ್ನೋ ಆಳ ಹುಟ್ಟಿದ್ದು ಎರಡನೆಯದರಿಂದ. ಇವತ್ತು ಎರಡನ್ನೂ ಒಂದೇ ತರಹ ಬರೆದು, ವಾಕ್ಯ ನೋಡಿ ಅರ್ಥ ಮಾಡ್ಕೋತೀವಿ. ಅವತ್ತು ಅಕ್ಷರವೇ ಅರ್ಥ ಹೇಳ್ತಿತ್ತು.

ನಮ್ಮ ಜಿಲ್ಲೆಯ ಕಲ್ಲಿನಲ್ಲಿ

ಇದೆಲ್ಲ ಬರೀ ಊಹೆ ಅಲ್ಲ, ಕಲ್ಲಿನಲ್ಲಿ ಇದೆ. ಅದೂ ನಮ್ಮ ಹಾಸನ ಜಿಲ್ಲೆಯಲ್ಲೇ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹೆಸರು ಎಲ್ಲರಿಗೂ ಗೊತ್ತು, ಕೆಪಿಎಸ್‌ಸಿ ಕ್ವಿಜ್‌ಗಳ ಪುಣ್ಯ. 1936ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸಿದ್ದು. 16 ಸಾಲು. ಕಾಲ ಸುಮಾರು ಕ್ರಿ.ಶ. 450 ಅಂತ ಸಾಮಾನ್ಯವಾಗಿ ಹೇಳ್ತಾರೆ. ಇಸವಿ ಬಾಯಿಪಾಠ ಮಾಡಿರ್ತೀವಿ, ಒಳಗೆ ಏನಿದೆ ಅಂತ ನೋಡಿರಲ್ಲ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸ ಅನ್ನೋನಿಗೆ ಹಳ್ಳಿಗಳನ್ನು ದಾನ ಕೊಟ್ಟ ವಿಷಯ ಅದು. ಆ ದಾನಕ್ಕೆ ಅಲ್ಲಿ ಬಳಸಿರೋ ಪದ 'ಬಾಳ್ಗೞ್ಚು'. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಕತ್ತಿ ತೊಳೆದು ಮಾಡೋ ಗೌರವದ ದಾನ.

ಈ ಒಂದೇ ಪದವನ್ನು ಸರಿಯಾಗಿ ನೋಡಿ. ಮೊದಲ ಅರ್ಧದಲ್ಲಿ ಳ, ಎರಡನೇ ಅರ್ಧದಲ್ಲಿ ೞ. ಒಂದೇ ಪದದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೆತ್ತಿದ್ದಾರೆ. ಉಳಿ ಹಿಡಿದವನಿಗೆ ಅವು ಎರಡು ಬೇರೆ ದನಿ ಅನ್ನೋದರಲ್ಲಿ ಅನುಮಾನ ಇರಲಿಲ್ಲ. ಅಂದಾಜು ಸಾವಿರದ ಐನೂರು ವರ್ಷದ ಹಿಂದೆ, ನಮ್ಮಿಂದ ಬಸ್‌ನಲ್ಲಿ ಹೋಗಿ ಬರೋಷ್ಟು ದೂರದಲ್ಲಿ.

ಹೋಗಿದ್ದು ಹೇಗೆ?

ಅಕ್ಷರವನ್ನು ಯಾರೂ ಮೀಟಿಂಗ್ ಕರೆದು ತೆಗೆದುಹಾಕಲಿಲ್ಲ. ಮೊದಲು ದನಿ ಸವೆಯಿತು, ಆಮೇಲೆ ಅಕ್ಷರಕ್ಕೆ ಕೆಲಸ ಇಲ್ಲದಂತಾಯಿತು. ದನಿ ಸವೆದದ್ದು ಎರಡು ದಾರಿಯಲ್ಲಿ.

ಒಂದು: ೞ ಆದಮೇಲೆ ಸ್ವರ ಬಂದರೆ ಅದು ಳ ಆಯಿತು. ಮೞೆ ಮಳೆಯಾಯಿತು, ಬಾೞೆ ಬಾಳೆಯಾಯಿತು.

ಎರಡು: ೞ ಆದಮೇಲೆ ನೇರವಾಗಿ ಇನ್ನೊಂದು ವ್ಯಂಜನ ಬಂದರೆ ಅದು ರ್ ಆಯಿತು, ಆಮೇಲೆ ಆ ರ್ ಕೂಡ ಪಕ್ಕದ ವ್ಯಂಜನದಲ್ಲಿ ಕರಗಿ ಒತ್ತಕ್ಷರ ಉಳಿಯಿತು. ನಾಲಿಗೆ ಅಂಗುಳನ್ನು ಮುಟ್ಟದೇ ಇರೋ ದನಿ ಆದ್ದರಿಂದ ಇದು ಸಹಜ, ರ ಕಡೆಗೆ ಜಾರೋದು ಸುಲಭ.

ಈಗ ಮೊದಲಿನ ಲೆಕ್ಕಕ್ಕೆ ವಾಪಸ್ ಬನ್ನಿ. ಏೞ್ ಅನ್ನೋದಕ್ಕೆ ಭೂತಕಾಲದ ದ್ ಸೇರಿದರೆ ಎೞ್ದು. ಎರಡನೇ ನಿಯಮ ಹಾಕಿ: ಎೞ್ದು, ಎರ್ದು, ಎದ್ದು. ಬೀಳು ಕೂಡ ಹಾಗೇ: ಬಿೞ್ದು, ಬಿರ್ದು, ಬಿದ್ದು. ಅಳು, ಉಳು ಇವಕ್ಕೆ ದ್ ಬದಲು ತ್ ಸೇರುತ್ತೆ, ಅದಕ್ಕೇ ಅತ್ತ, ಉತ್ತ. ಹೂಳು ಹೂತ ಆಗೋದು, ಕೀಳು ಕಿತ್ತ ಆಗೋದು ಇದೇ ಗುಂಪು. ಕೇಳು ಮತ್ತು ಆಳು ಮೊದಲಿಂದಲೂ ಳ ಇದ್ದ ಪದಗಳು, ಅವಕ್ಕೆ ಈ ನಿಯಮ ತಾಗಲೇ ಇಲ್ಲ. ವ್ಯಾಕರಣ ಪುಸ್ತಕದಲ್ಲಿ ಅಪವಾದ ಅಂತ ಕಾಣೋ ಈ ಪದಗಳು ನಿಜವಾಗಿ ತುಂಬ ಶಿಸ್ತಿನವು. ನಿಯಮ ಪಾಲಿಸಿವೆ, ನಿಯಮಕ್ಕೆ ಕಾರಣವಾದ ಅಕ್ಷರ ಮಾತ್ರ ಈಗ ಕಣ್ಣಿಗೆ ಕಾಣಲ್ಲ.

ಒಂದು ಎಚ್ಚರಿಕೆ. ಈ ನಿಯಮವನ್ನು ತಿರುಗಿಸಿ ಹಾಕಬೇಡಿ. ದ್ದ, ತ್ತ ಬಂದಿದ್ದರೆ ಮೂಲದಲ್ಲಿ ೞ ಇತ್ತು ಅಂತ ಹೇಳಬಹುದು. ಆದರೆ ೞ ಇದ್ದ ಎಲ್ಲ ಕ್ರಿಯಾಪದವೂ ಹಾಗೆ ಆಗಿಲ್ಲ. ಹೇಳು ಅನ್ನೋದು ಹಿಂದೆ ಪೇೞ್, ಆದರೂ ಈಗ ಹೇಳಿದ ಅಂತೀವಿ. ಬಾೞ್ ಕೂಡ ಈಗ ಬಾಳಿದ. ಇವು ಆಮೇಲೆ ಕೇಳು, ಆಳುಗಳ ಸಾಲಿಗೆ ಬಂದು ನಿಂತವು.

ಹೆಸರು ಪದಗಳಲ್ಲೂ ಇದೇ ಗುರುತು ಸಿಗುತ್ತೆ. ಹಳೇ ಶಾಸನಗಳ ಗೞ್ದೆ ಮೊದಲು ಗರ್ದೆ ಆಗಿ, ಆಮೇಲೆ ಗದ್ದೆ ಆಯಿತು. ಏಳು ಹತ್ತು ಯಾಕೆ ಎಪ್ಪತ್ತು? ಎೞ್ಪತ್ತು, ಎರ್ಪತ್ತು, ಎಪ್ಪತ್ತು. ಬಾೞ್ ಕುಟುಂಬದ್ದೇ ಇನ್ನೊಂದು ಪದ ಹೀಗೇ ಸವೆದು ಸವೆದು ಬದುಕು ಆಯಿತು. ಬಾಳು, ಬದುಕು ಅಂತ ಜೋಡಿಯಾಗಿ ಹೇಳ್ತೀವಲ್ಲ, ಅವು ಒಂದೇ ತಾಯಿಯ ಮಕ್ಕಳು. ನಮ್ಮ ಹಳ್ಳಿಮೈಸೂರು ಕಡೆ ಯಾರಾದರೂ ಬೆಳಿಗ್ಗೆ ಎದ್ದು ಗದ್ದೆಗೆ ಹೋದರು ಅಂದರೆ, ಆ ಚಿಕ್ಕ ವಾಕ್ಯದಲ್ಲಿ ಎರಡು ಸಲ ಆ ಹಳೇ ಅಕ್ಷರದ ಹೆಜ್ಜೆ ಇದೆ.

ಇದು ಗೊತ್ತಿದ್ದ ಹಳಬರೂ ಇದ್ದರು. 13ನೇ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಳ ದನಿಗಳನ್ನು ರಳ, ಕುಳ, ಕ್ಷಳ ಅಂತ ಮೂರಾಗಿ ವಿಂಗಡಿಸುತ್ತಾನೆ. ರಳ ಅಂದರೆ ನಮ್ಮ ೞ. ಕುಳ ಅಂದರೆ ಕನ್ನಡದ ಸಾಮಾನ್ಯ ಳ. ಕ್ಷಳ ಅಂದರೆ ಸಂಸ್ಕೃತದ ಲ ಬದಲಾಗಿ ಬಂದ ಳ. ಯಾವ ಪದದಲ್ಲಿ ರಳ ಬರೆಯಬೇಕು ಅಂತ ಪಟ್ಟಿಯನ್ನೂ ಕೊಡುತ್ತಾನೆ. ಯೋಚನೆ ಮಾಡಿ, ಸ್ಪೆಲ್ಲಿಂಗ್ ಪಟ್ಟಿ ಯಾವಾಗ ಬೇಕಾಗುತ್ತೆ? ಕಿವಿಗೆ ವ್ಯತ್ಯಾಸ ಕೇಳಿಸದೇ ಹೋದಾಗ. ಆ ಪಟ್ಟಿ ಇರೋದೇ ಆ ದನಿ ಆಗಲೇ ಜನರ ಬಾಯಿಂದ ಜಾರಿತ್ತು ಅನ್ನೋದಕ್ಕೆ ಒಂದು ಸಾಕ್ಷಿ.

ಹಸು ಕರೆಯೋ ಪ್ರಶ್ನೆ

ಇನ್ನೊಂದು ಅಕ್ಷರ ಱ. ಇದಕ್ಕೆ ಶಕಟರೇಫ ಅಂತ ಹೆಸರು. ರ ಗಿಂತ ಒರಟಾಗಿ, ಗಟ್ಟಿಯಾಗಿ ಹೇಳೋ ದನಿ. ಆರು, ನೂರು, ಬೇರೆ, ಏರು ಇವೆಲ್ಲ ಹಿಂದೆ ಆಱು, ನೂಱು, ಬೇಱೆ, ಏಱು. ಬರವಣಿಗೆಯಲ್ಲಿ ಇದು ೞ ಗಿಂತ ಹೆಚ್ಚು ಕಾಲ ಉಳಿಯಿತು. ಆಮೇಲೆ ಪೂರ್ತಿ ರ ಜೊತೆ ಸೇರಿಹೋಯಿತು.

ಇದರಿಂದ ಏನಾಯಿತು ಅನ್ನೋದಕ್ಕೆ ಹಟ್ಟಿಯ ಉದಾಹರಣೆ ಸಾಕು. "ಹಸು ಕರಿ" ಅಂದರೆ ಹಸುವನ್ನು ಕೂಗು ಅಂತಲೋ, ಹಾಲು ಹಿಂಡು ಅಂತಲೋ? ಹಿಂದೆ ಈ ಗೊಂದಲ ಇರಲಿಲ್ಲ. ಕೂಗೋದು ಕರೆ, ಹಾಲು ಹಿಂಡೋದು ಕಱೆ. ಹಾಗೇ ಕಡಲಿನ ತೆರೆ ಬೇರೆ, ಬಾಗಿಲು ತೆಱೆ ಬೇರೆ. ಅರಿ ಅಂದರೆ ಕೊಯ್ಯಿ, ಅಱಿ ಅಂದರೆ ತಿಳಿ. 'ಅರಿವು' ಅನ್ನೋ ಚಂದದ ಪದಕ್ಕೂ ಕುಡುಗೋಲಿಗೂ ಸಂಬಂಧ ಇಲ್ಲ ಅನ್ನೋದನ್ನು ಆ ಒಂದು ಅಕ್ಷರ ಹೇಳ್ತಿತ್ತು.

ಲಿಪಿಗೆ ಲಿಪಿಯೇ ಹೋದಾಗ

ನಮ್ಮಲ್ಲಿ ಹೋದದ್ದು ಎರಡು ಅಕ್ಷರ. ಕೆಲವು ಕಡೆ ಇಡೀ ಲಿಪಿಯೇ ಬಳಕೆಯಿಂದ ಹೋಗಿದೆ. ಯುರೋಪಿನ ಸ್ಲಾವ್ ಜನರಿಗೆ 9ನೇ ಶತಮಾನದಲ್ಲಿ, 863ರ ಆಸುಪಾಸು, ಸಿರಿಲ್ ಮತ್ತು ಮೆಥೋಡಿಯಸ್ ಅನ್ನೋ ಅಣ್ಣತಮ್ಮಂದಿರ ಕೆಲಸದಿಂದ ಒಂದು ಲಿಪಿ ಬಂತು. ಅದರ ಹೆಸರು ಗ್ಲಾಗೊಲಿಟಿಕ್. ಆಮೇಲೆ ಬಂದ ಸಿರಿಲಿಕ್ ಅದರ ಜಾಗ ತಗೊಂಡಿತು. ಆದರೆ ಕ್ರೊಯೇಷಿಯಾದ ಪಾದ್ರಿಗಳು ಮಾತ್ರ ಅದನ್ನು ಬಿಡದೆ ನೂರಾರು ವರ್ಷ ಪೂಜೆಯ ಪುಸ್ತಕಗಳಲ್ಲಿ ಬಳಸಿದರು. 1483ರಲ್ಲಿ ಅದರಲ್ಲಿ ಅಚ್ಚಾದ ಪುಸ್ತಕವೂ ಬಂತು. ಈಗ ದಿನನಿತ್ಯ ಯಾರೂ ಅದರಲ್ಲಿ ಬರೆಯಲ್ಲ. ಆದರೂ 2023ರಲ್ಲಿ ಕ್ರೊಯೇಷಿಯಾ ಯೂರೋಗೆ ಬದಲಾದಾಗ ತನ್ನ 1, 2 ಮತ್ತು 5 ಸೆಂಟ್ ನಾಣ್ಯಗಳ ಮೇಲೆ ಆ ಲಿಪಿಯ ಅಕ್ಷರಗಳನ್ನೇ ಹಾಕಿಕೊಂಡಿತು. ಸತ್ತ ಲಿಪಿ ಅಲ್ಲಿ ಜನರ ಜೇಬಿನಲ್ಲಿ ಓಡಾಡ್ತಿದೆ.

ನಮ್ಮಲ್ಲೂ ಅಂಥದ್ದು ಇದೆ, ನಾಣ್ಯದ ಮೇಲಲ್ಲ, ಗೊಮ್ಮಟನ ಪಾದದ ಹತ್ತಿರ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಸ್ಕೂಲ್ ಟ್ರಿಪ್ ಹೋಗದವರು ನಮ್ಮ ಕಡೆ ಕಡಿಮೆ. ಮೆಟ್ಟಿಲು ಹತ್ತಿ, ತಲೆ ಎತ್ತಿ ಮೂರ್ತಿ ನೋಡಿ, ಫೋಟೋ ತೆಗೆದು ಇಳಿದುಬಿಡ್ತೀವಿ. ಕೆಳಗೆ ಪಾದದ ಎರಡೂ ಬದಿಯ ಕಲ್ಲಿನಲ್ಲಿ ಇದನ್ನು ಚಾವುಂಡರಾಯ ಮಾಡಿಸಿದ ಅನ್ನೋ ಒಂದೇ ಮಾತು ಕನ್ನಡ, ತಮಿಳು, ಮರಾಠಿ ಮೂರು ಭಾಷೆಯಲ್ಲಿದೆ. ಲಿಪಿ ಮಾತ್ರ ನಾಲ್ಕು. ಕನ್ನಡಕ್ಕೆ ಕನ್ನಡ, ಮರಾಠಿಗೆ ನಾಗರಿ, ತಮಿಳಿನ ಒಂದೇ ಸಾಲಿಗೆ ಗ್ರಂಥ ಮತ್ತು ವಟ್ಟೆೞುತ್ತು ಅನ್ನೋ ಎರಡು ಲಿಪಿ. ವಟ್ಟೆೞುತ್ತು ಅಂದರೆ ದುಂಡು ಬರಹ. ಅದರ ಹೆಸರಲ್ಲೂ ನಮ್ಮ ೞ ಇದೆ ನೋಡಿ. ಆ ಲಿಪಿಯನ್ನು ಈಗ ಯಾರೂ ದಿನನಿತ್ಯ ಬಳಸಲ್ಲ.

ಬೆಳಗೊಳದ ಶಾಸನಗಳನ್ನು 1889ರಲ್ಲಿ ಬಿ. ಎಲ್. ರೈಸ್ ಮೊದಲು ಪುಸ್ತಕ ಮಾಡಿದಾಗ ಸಿಕ್ಕಿದ್ದು 144. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ 500. 1973ರ ಆವೃತ್ತಿಯಲ್ಲಿ 573. ಬೆಟ್ಟ ಅದೇ, ಕಲ್ಲು ಅದೇ. ಹುಡುಕಿದವರು ಹೆಚ್ಚಾದಂತೆ ಸಂಖ್ಯೆ ಹೆಚ್ಚಾಯಿತು.

3252ರ ಖಾಲಿ ಜಾಗ

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ ಅನ್ನೋದು ಗೊತ್ತಿರೋದೇ. ಹೆಕ್ಸ್ ಬಿಟ್ಟು ಡೆಸಿಮಲ್‌ನಲ್ಲೇ ಹೇಳ್ತೀನಿ. ಕನ್ನಡದ ಬ್ಲಾಕ್ ಶುರುವಾಗೋದು 3200ರಿಂದ. ಭಾರತದ ಮುಖ್ಯ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ, ಅಂದರೆ ಒಂದೇ ದನಿಯ ಅಕ್ಷರ ಸಾಮಾನ್ಯವಾಗಿ ಎಲ್ಲ ಬ್ಲಾಕ್‌ನಲ್ಲೂ ಒಂದೇ ಆಫ್‌ಸೆಟ್‌ನಲ್ಲಿ ಕೂತಿರುತ್ತೆ.

ತಮಿಳು ಬ್ಲಾಕ್ 2944ರಿಂದ ಶುರು, ಅದರ ೞ ಇರೋದು 2996ರಲ್ಲಿ. ಆಫ್‌ಸೆಟ್ 52. ಮಲಯಾಳಂ 3328ರಿಂದ ಶುರು, ಅದರ ೞ 3380ರಲ್ಲಿ. ಅಲ್ಲೂ 52. ಹಾಗಾದರೆ ಕನ್ನಡದ ೞ 3252ರಲ್ಲಿ ಇರಬೇಕು ತಾನೇ? ಹೋಗಿ ನೋಡಿ. 3251 ಳ, 3253 ವ. ನಡುವಿನ 3252 ಖಾಲಿ.

ೞ ಇರೋದು 3294ರಲ್ಲಿ. ಅದರ ಅಧಿಕೃತ ಹೆಸರು ಏನು ಗೊತ್ತಾ? 'ಕನ್ನಡ ಲೆಟರ್ ಎಫ್‌ಎ'. ಹೌದು, ಫ್ಯಾನ್‌ನ ಫ. ೞ ಗೂ ಫ ಗೂ ಯಾವ ಸಂಬಂಧವೂ ಇಲ್ಲ. ಆದರೆ ಆಫ್‌ಸೆಟ್ ನೋಡಿ: 3294ರಲ್ಲಿ 3200 ಕಳೆದರೆ 94. ದೇವನಾಗರಿ ಬ್ಲಾಕ್ 2304ರಿಂದ ಶುರು, ಅದಕ್ಕೆ 94 ಕೂಡಿಸಿದರೆ 2398. ಅಲ್ಲಿ ಇರೋದು ಹಿಂದಿಯ ಚುಕ್ಕಿ ಇರೋ ಫ. ನಮ್ಮ ಅಕ್ಷರ ಬೇರೆಯವರ ಮನೆ ನಂಬರಿನಲ್ಲಿ, ಬೇರೆಯವರ ಹೆಸರಿನಲ್ಲಿ ಕೂತಿದೆ.

ಇದು ತಪ್ಪು ಅಂತ ಯೂನಿಕೋಡ್ ಒಪ್ಪಿಕೊಂಡಿದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದು ಅನ್ನೋದು ಅವರ ನಿಯಮ, ಯಾಕೆಂದರೆ ಜಗತ್ತಿನ ಎಷ್ಟೋ ಪ್ರೋಗ್ರಾಂಗಳು ಆ ಹೆಸರನ್ನು ನಂಬಿಕೊಂಡಿರಬಹುದು. ಹಾಗಾಗಿ ಹಳೇ ಹೆಸರು ಹಾಗೇ ಇದೆ, ಪಕ್ಕದಲ್ಲಿ ತಿದ್ದುಪಡಿ ಹೆಸರು 'ಎಲ್‌ಎಲ್‌ಎಲ್‌ಎ' ಅಂತ ಸೇರಿಸಿದ್ದಾರೆ. ಪರೀಕ್ಷೆ ಮಾಡಬೇಕಾ? ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್ ತಗೊಂಡು 3294ರ ಹೆಸರು ಕೇಳಿ. ಎರಡು ಸಾಲಿನ ಕೋಡ್. ಅದು ನಾಚಿಕೆಯಿಲ್ಲದೆ ಎಫ್‌ಎ ಅಂತಲೇ ಹೇಳುತ್ತೆ.

ಹಳೇ ಅಕ್ಷರಗಳ ಮೇಲೆ ಈಗ ಆಸಕ್ತಿ ಹೆಚ್ಚುತ್ತಿದೆ ಅನ್ನೋದಕ್ಕೂ ಇಲ್ಲೇ ಪುರಾವೆ ಇದೆ. ಗ್ಲಾಗೊಲಿಟಿಕ್ 2005ರಲ್ಲಿ ಯೂನಿಕೋಡ್ ಸೇರಿತು. ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ. ನಮ್ಮ ೞ ಪಕ್ಕದ ಮನೆ 3293ಕ್ಕೆ 2021ರಲ್ಲಿ ನಕಾರ ಪೊಲ್ಲು ಅನ್ನೋ ಇನ್ನೊಂದು ಹಳೇ ಕನ್ನಡ ಅಕ್ಷರ ಬಂತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡಿ ಇಡ್ತಿದ್ದಾರೆ. ಇದರಲ್ಲಿ ಹಳಗನ್ನಡ ಎಷ್ಟು ಬೇಕೋ ನಮ್ಮ ತರಹದ ಕೆಲಸವೂ ಅಷ್ಟೇ ಬೇಕು.

ನಮಗೆ ಯಾಕೆ ಬೇಕು?

ಯಾರೂ ಮಾತಾಡದ ದನಿಗೆ ಅಕ್ಷರ ಯಾಕೆ, ವಾಪಸ್ ತರಬೇಕಾ ಅಂತ ಕೇಳಬಹುದು. ವಾಪಸ್ ತರೋದು ಬೇಡ. ಮೆಸ್ಸಿನ ಬೋರ್ಡ್ ಮೇಲೆ ಕೋೞಿ ಸಾರು ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ. ಇವತ್ತಿನ ಕನ್ನಡಕ್ಕೆ ಒಂದು ಳ ಸಾಕು.

ಆದರೆ ಹಳೆಯದನ್ನು ನಕಲು ಮಾಡುವಾಗ ಆ ಅಕ್ಷರ ಬಿಡಬಾರದು. ಈಗ ಹಳೇ ಪುಸ್ತಕ, ಶಾಸನ ಎಲ್ಲ ಕಂಪ್ಯೂಟರ್‌ಗೆ ಹೋಗ್ತಿವೆ. ಟೈಪ್ ಮಾಡೋರು ಕೀಬೋರ್ಡ್‌ನಲ್ಲಿ ೞ ಕಾಣಲಿಲ್ಲ ಅಂತ ಳ ಹಾಕಿದರೆ ಬಾಳ್ಗೞ್ಚು ಬಾಳ್ಗಳ್ಚು ಆಗುತ್ತೆ. ನೋಡೋಕೆ ಸಣ್ಣ ವಿಷಯ. ಆದರೆ ಕಂಪ್ಯೂಟರ್‌ಗೆ 3251 ಬೇರೆ, 3294 ಬೇರೆ. ಒಂದು ಕಡತದಲ್ಲಿ ೞ, ಇನ್ನೊಂದರಲ್ಲಿ ಳ ಇದ್ದರೆ ಸರ್ಚ್ ಮಾಡಿದಾಗ ಅರ್ಧ ಸಿಗುತ್ತೆ, ಅರ್ಧ ಸಿಗಲ್ಲ. ಕತ್ತಿಯೂ ಬದುಕೂ ಒಂದೇ ಪದ ಆಗಿಹೋಗುತ್ತೆ. ೞ ಇರೋದನ್ನು ಳ ಮಾಡೋದು ಒಂದು ಕಮಾಂಡ್ ಕೆಲಸ. ಳ ಮಾಡಿದ ಮೇಲೆ ಯಾವುದು ಮೊದಲು ೞ ಆಗಿತ್ತು ಅಂತ ವಾಪಸ್ ತರೋಕೆ ಯಾವ ಕಮಾಂಡೂ ಇಲ್ಲ, ಮೂಲ ಕಲ್ಲಿಗೇ ಹೋಗಬೇಕು. ಆ ಕಲ್ಲು ಅಷ್ಟರಲ್ಲಿ ಇರಬೇಕಲ್ಲ. ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ನಿಂತಿರೋ ಕಲ್ಲುಗಳು ಬಟ್ಟೆ ಒಗೆಯೋ ಕಲ್ಲಾಗೋದು, ರಸ್ತೆ ಕೆಲಸದಲ್ಲಿ ಹೂತುಹೋಗೋದು ಹೊಸದಲ್ಲ.

ನಾವು ಮಾಡಬಹುದಾದದ್ದು ದೊಡ್ಡದೇನಲ್ಲ. ೞ ಮತ್ತು ಱ (ಇದರ ನಂಬರ್ 3249) ಎರಡನ್ನೂ ಫೋನಿನ ಪರ್ಸನಲ್ ಡಿಕ್ಷನರಿಯಲ್ಲಿ ಶಾರ್ಟ್‌ಕಟ್ ಮಾಡಿ ಇಟ್ಕೊಳ್ಳಿ. ಹಳಗನ್ನಡ ಟೈಪ್ ಮಾಡೋ ಸಂದರ್ಭ ಬಂದರೆ ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿ. ಯಾರಾದರೂ ಕನ್ನಡ ಓಸಿಆರ್ ಮೇಲೆ ಪ್ರಾಜೆಕ್ಟ್ ಮಾಡ್ತಿದ್ದರೆ ಅಕ್ಷರಗಳ ಪಟ್ಟಿಯಲ್ಲಿ ಇವೆರಡನ್ನು ಸೇರಿಸಿ. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ 1902ರದ್ದು, ಅದರಲ್ಲಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ತಾಲ್ಲೂಕುವಾರು ಶಾಸನಗಳಿವೆ. ನಿಮ್ಮ ಊರಿನ ಹೆಸರು ಅದರಲ್ಲಿ ಇದ್ದರೆ, ರಜೆಗೆ ಹೋದಾಗ ಆ ಕಲ್ಲು ಈಗಲೂ ಅಲ್ಲೇ ಇದೆಯಾ ಅಂತ ನೋಡಿ ಬನ್ನಿ.

ಕೊನೆಗೆ ಒಂದು ಇಂಟರ್ನಲ್ಸ್

ಐದು ಅಂಕದ ಪ್ರಶ್ನೆ. ಕೆಳಗಿನ ಪದಗಳಲ್ಲಿ ಯಾವ ಳ ಮೂಲದಲ್ಲಿ ೞ? ಸುಳಿವು: ಅನುಮಾನ ಇದ್ದರೆ ತಮಿಳು ರೂಂಮೇಟ್‌ನ ಕೇಳಿ, ಅವರ ಭಾಷೆ ಆ ದನಿಯನ್ನು ಉಳಿಸಿಕೊಂಡಿದೆ.

1. ಹುಳು
2. ಹುಳಿ
3. ಬಳೆ
4. ಇಳಿ
5. ತೋಳು

ಉತ್ತರ: 1 ಮತ್ತು 4. ಹುಳು ಹಿಂದೆ ಪುೞು, ಇಳಿ ಹಿಂದೆ ಇೞಿ. ಹುಳಿ, ಬಳೆ, ತೋಳು ಮೂರರಲ್ಲೂ ಮೊದಲಿಂದಲೂ ಳ.

ಐದಕ್ಕೆ ಐದು ಬಂದವರು ಬೋನಸ್ ಪ್ರಶ್ನೆ ಪ್ರಯತ್ನಿಸಿ: ಎಳೆ ಸೌತೆಕಾಯಿಯ ಎಳೆ, ದಾರದ ಎಳೆ, ಇವೆರಡರಲ್ಲಿ ೞ ಇದ್ದದ್ದು ಯಾವುದು? ಇದಕ್ಕೆ ಉತ್ತರ ನಾನು ಹೇಳಲ್ಲ. ರೂಂಮೇಟ್ ಇದ್ದಾರಲ್ಲ.